ನಿಂತು ತಿನ್ನುವವರು

ಬುಧವಾರ ನಾಟಕಕ್ಕೆ ಅರ್ಧ ದರ.
ಉಳಿದರ್ಧ ಈ ಪಿಜ್ಜಾ ಅಂಗಡಿಗೆ.
ಕೂತು ತಿಂದರೆ ಒಂದು ರೇಟು, ನಿಂತು ತಿಂದರೆ ಒಂದು.
ನಾನು ನಿಲ್ಲುವವಳು.

ಬ್ಯೂನಸ್ ಐರಿಸ್, ಕೊರಿಯೆಂತೆಸ್ ಬೀದಿ, ಸಂಜೆ ಏಳೂಕಾಲು.
ಥಿಯೇಟರುಗಳ ದೀಪಗಳು ಒಂದೊಂದೇ ಕಣ್ಣುಜ್ಜಿಕೊಳ್ಳುತ್ತಿವೆ.
ಅಮೃತಶಿಲೆಯ ಈ ಕಟ್ಟೆ ಎಷ್ಟು ಮೊಣಕೈ ಕಂಡಿದೆಯೋ,
ನಡುವೆ ತಗ್ಗಾಗಿದೆ, ಹಳೇ ಸಾಣೆಕಲ್ಲಿನ ಹಾಗೆ.
ಗೋಡೆಯ ಬೆಲೆಪಟ್ಟಿಯಲ್ಲಿ ಚೀಟಿಯ ಮೇಲೆ ಚೀಟಿ;
ಉಗುರಲ್ಲಿ ಕೆರೆದರೆ ಹೋದ ತಿಂಗಳು,
ಇನ್ನಷ್ಟು ಕೆರೆದರೆ ನನ್ನ ಮದುವೆಯ ವರ್ಷ ಸಿಕ್ಕೀತು.
ಬೇಡ ಬಿಡಿ, ಇದ್ದಲ್ಲೇ ಇರಲಿ.

ಎದುರು ಸಾಲಿನ ರೆಸ್ಟೊರೆಂಟಿಗೂ ಒಮ್ಮೆ ಹೋಗಿದ್ದೆ,
ಬಿಳಿ ಮೇಜುಬಟ್ಟೆಯದು.
"ಒಬ್ಬರೇನಾ, ಸೆನ್ಯೋರಾ?" ಅಂದವನೇ
ನನ್ನೆದುರಿನ ತಟ್ಟೆ, ಲೋಟ, ಚಮಚ ಒಂದೊಂದಾಗಿ ಎತ್ತಿದ,
ಸತ್ತವರ ಹಾಸಿಗೆ ಸುತ್ತುವ ಹಾಗೆ, ಸದ್ದಿಲ್ಲದೆ, ಮರ್ಯಾದೆಯಿಂದ.
ಸೂಪು ಗಂಟಲಲ್ಲಿ ಇಳಿಯಲಿಲ್ಲ.
ಇಲ್ಲಿ ಯಾರಿಗೂ ಎದುರು ಎಂಬುದಿಲ್ಲ.
ಎಲ್ಲರಿಗೂ ಪಕ್ಕ ಮಾತ್ರ.

ಎವರಿಸ್ತೊ ಏನನ್ನೂ ಕೇಳುವುದಿಲ್ಲ. ನನ್ನ ಕೊಡೆ ಕಂಡರೆ ಸಾಕು,
ಒಂದು ತುಂಡು ಪಿಜ್ಜಾ, ಅದರ ಬೆನ್ನಿಗೆ ಕಡಲೆಹಿಟ್ಟಿನ ಫೈನಾ;
ಕುದುರೆ ಮೇಲೆ ಸವಾರ, ಅನ್ನುತ್ತೇವೆ ನಾವದಕ್ಕೆ.
ಚೀಸು ಎಳೆದಷ್ಟೂ ಬರುತ್ತದೆ, ಮುಗಿಯದ ಮೊದಲ ಅಂಕದಂತೆ.
ಜೊತೆಗೆ ಬೆರಳುದ್ದದ ಲೋಟದಲ್ಲಿ ಸಿಹಿ ವೈನು.
ಇಡೀ ದಿನ ಗುಂಡಿಯಂಗಡಿಯಲ್ಲಿ ಡಜನ್ನು ಎಣಿಸಿದ ಬೆರಳುಗಳು
ಈಗ ಒಂದು, ಬರೀ ಒಂದನ್ನು ಹಿಡಿದು
ಸುಧಾರಿಸಿಕೊಳ್ಳುತ್ತವೆ.

ನಾಟಕವೆಂದರೆ ದುಡ್ಡು ಕೊಟ್ಟು ಸುಳ್ಳು ಕೇಳುವುದು,
ಅನ್ನುತ್ತಿದ್ದ ಅನೀಬಲ್.
ಅವನು ಮನೆಯಲ್ಲಿ ಪುಕ್ಕಟೆ ಹೇಳುತ್ತಿದ್ದ.

ಹೋದ ಬುಧವಾರ ಪಕ್ಕದಲ್ಲೊಬ್ಬ. ಅರವತ್ತರ ಆಸುಪಾಸು.
ಕಂದು ಕೋಟು; ಎರಡನೇ ಗುಂಡಿಗೆ ನೀಲಿ ದಾರ.
ಇಂಥವೇ ನನಗೆ ಮೊದಲು ಕಾಣುವುದು, ಮುಖ ಆಮೇಲೆ.
ಕೈಗೆ ಸಿಕ್ಕ ದಾರ ಪೋಣಿಸಿ
ರಾತ್ರಿ ತಾನೇ ಹೊಲಿದುಕೊಂಡವನ ಹೊಲಿಗೆ ಅದು,
ಮತ್ತೆ ಬಿಚ್ಚದಿರಲೆಂದು ಹತ್ತು ಸಲ ಸುತ್ತಿದ್ದು.
ಅರ್ಧ ತುಂಡು ತಿಂದ. ಗಡಿಯಾರ ನೋಡಿದ.
ತುಟಿ ಒರೆಸಿ, ಕಾಗದದ ನ್ಯಾಪ್ಕಿನ್ನನ್ನು
ಮಡಿಸಿ, ಮತ್ತೆ ಮಡಿಸಿ, ಅಂಚೆಚೀಟಿಯಷ್ಟು ಮಾಡಿ
ತಟ್ಟೆಯಡಿ ಸಿಕ್ಕಿಸಿ ಹೋದ.
ಒಣಮೆಣಸಿನ ಡಬ್ಬಿ ದಾಟಿಸಿದ್ದು ಬಿಟ್ಟರೆ
ನಮ್ಮ ನಡುವೆ ಏನೂ ನಡೆದಿರಲಿಲ್ಲ.

ಎಂಟೂವರೆ. ಮೇಲಿನ ಬಾಲ್ಕನಿ, ಕಂಬದ ಹಿಂದಿನ ಸೀಟು;
ಕತ್ತು ವಾಲಿಸಿದರೆ ಮುಕ್ಕಾಲು ರಂಗ.
ಎರಡನೇ ಅಂಕದಲ್ಲಿ ಔತಣ: ಹನ್ನೆರಡು ಜನ, ಉದ್ದ ಮೇಜು,
ನಡುವೆ ಡ್ಯೂಕ್, ಕೊರಳಲ್ಲಿ ಹಿತ್ತಾಳೆಯ ಚಿನ್ನ.
ಕೋಳಿ ರಟ್ಟಿನದು. ಬಟ್ಟಲಲ್ಲಿ ಗಾಳಿ.
ಎಲ್ಲರೂ ನಗುತ್ತ, ಜಗಿಯುತ್ತ, ಅವನಿಗೆ ದೀರ್ಘಾಯುಸ್ಸು ಕೋರುತ್ತ
ಇರುವಾಗ ಡ್ಯೂಕ್ ತುಟಿ ಒರೆಸಿಕೊಂಡ.
ರೇಷ್ಮೆ ವಸ್ತ್ರ ಮಡಿಸಿದ. ಮತ್ತೆ ಮಡಿಸಿದ.
ತಟ್ಟೆಯಡಿ ಸಿಕ್ಕಿಸಿದ.

ತುಂಬಿದ ಥಿಯೇಟರಿನಲ್ಲಿ ನನ್ನೊಬ್ಬಳಿಗೇ ಗೊತ್ತು
ಈ ದೊರೆಯ ಹೊಟ್ಟೆಯಲ್ಲಿರುವುದು ಅರ್ಧ ತುಂಡು.
ನನ್ನ ಚೀಲದಲ್ಲಿ ಉಳಿದ ಫೈನಾ, ಎಣ್ಣೆ ಕಾಗದ ದಾಟಿ
ಕರಪತ್ರದಲ್ಲಿ ನಟರ ಹೆಸರುಗಳ ತನಕ ಹಬ್ಬಿತ್ತು.
ಪಕ್ಕದ ಹುಡುಗಿ ಮೂಗರಳಿಸಿ ನನ್ನತ್ತ ತಿರುಗಿದಳು.
ನಾನು ರಂಗದ ಮೇಲಿನ ಕೋಳಿಯತ್ತ ಬೆರಳು ತೋರಿದೆ.

ಇವತ್ತು ಮತ್ತೆ ಬುಧವಾರ. ಅದೇ ಕಟ್ಟೆ.
ಏಳೂಮುಕ್ಕಾಲಾಯಿತು. ನನ್ನ ಪಕ್ಕದ ಜಾಗವನ್ನು
ಎವರಿಸ್ತೊ ಎರಡನೇ ಸಲ ಒರೆಸುತ್ತಿದ್ದಾನೆ.
ಅಂಗಡಿ ಮುಚ್ಚುವಾಗ ಒಂದು ರೀಲು ಕಂದು ದಾರ
ಚೀಲಕ್ಕೆ ಹಾಕಿಕೊಂಡಿದ್ದೆ.
ಕೊಡಲಿಕ್ಕೆ ಅಂತಲ್ಲ.
ದಾರಕ್ಕೇನು ಭಾರ, ಇರಲಿ.